ಕಿವಿಯೊಳಗಿನ ಮಗ್ಗ

ಮೊನ್ನೆ ದವಾಖಾನೆಯಲ್ಲಿ ನರ್ಸ್ ನನ್ನ ರಟ್ಟೆಗೆ ಸ್ಪಿರಿಟ್ ಹತ್ತಿ ಒರೆಸಿದಳು. ಆ ತಣ್ಣನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ರಬಕವಿಯ ನಮ್ಮ ಓಣಿ, ಪಕ್ಕದ ಮನೆಯ ಪಡಸಾಲೆ, ಅಲ್ಲಿ ಸೂಜಿಗೆ ಮೈಯೊಡ್ಡಿ ಮುಖ ತಿರುಗಿಸಿ ಕುಳಿತಿರುತ್ತಿದ್ದ ಕಾಕು... ಎಲ್ಲ ಎದುರಿಗೆ ಬಂತು.

ಚಿಕ್ಕಮ್ಮನಂತೆ ಕಾಕು ಎಂದು ಕರೆಯುತ್ತಿದ್ದರೂ ಅವಳು ನಮಗೆ ರಕ್ತಸಂಬಂಧಿಯಲ್ಲ, ಪಕ್ಕದ ಮನೆಯವಳು. ವಿದ್ಯುತ್ ಮಗ್ಗದ ಕಾರ್ಖಾನೆಯಲ್ಲಿ ಸೀರೆ ನೇಯುತ್ತಿದ್ದಳು. ಆ ಕೆಲಸದಲ್ಲಿ ಅವಳಿಗೆ ಕಣ್ಣಿಗಿಂತ ಕಿವಿಯೇ ಹೆಚ್ಚು ನೆರವಿಗೆ ಬರುತ್ತಿತ್ತು. ಎಳೆ ಹರಿದರೆ ಮಗ್ಗದ ಸಪ್ಪಳವೇ ಬದಲಾಗುತ್ತದಂತೆ. ಎತ್ತಲೋ ನೋಡುತ್ತಿದ್ದವಳು ತಟ್ಟನೆ ಕೈ ಚಾಚಿ ಮಗ್ಗ ನಿಲ್ಲಿಸುತ್ತಿದ್ದಳು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಬಸ್ಸಿನಲ್ಲಿ ಜಮಖಂಡಿಯ ಕಾಲೇಜಿಗೆ ಓಡಾಡುತ್ತಿದ್ದೆ.

ಒಮ್ಮೆ ವಾಸಿಯಾಗಿದ್ದ ಕ್ಷಯ ಆ ವರ್ಷ ಅವಳಿಗೆ ಮರುಕಳಿಸಿತು. ಈ ಸಲ ಗುಳಿಗೆಯ ಜೊತೆ ಸೂಜಿಯನ್ನೂ ಬರೆದುಕೊಟ್ಟರು. ಓಣಿಯ ಕಂಪೌಂಡರ್ ಮನೆಗೇ ಬಂದು ಚುಚ್ಚಿ ಹೋಗುತ್ತಿದ್ದ. ಕೆಲವು ವಾರ ಕಳೆದಿರಬೇಕು, ಒಂದು ಸಂಜೆ ಕಾಕು ನಮ್ಮ ಕಟ್ಟೆಗೆ ಬಂದು ಕೂತಳು.

"ಯವ್ವಾ, ಮಗ್ಗ ನಿಂತ ಮ್ಯಾಲೂ ಕಿವ್ಯಾಗ ಮಗ್ಗ ನಡದಂಗ ಆಗಾಕತ್ತೈತಿ ನೋಡು. ನಡದ್ರ ಜೋಲಿ ಹೊಡಿತೈತಿ. ಸೂಜಿದ್ದ ಏನಾರ ಇರಬಹುದೇನ?"

ಡಾಕ್ಟರನ್ನು ಕೇಳಿದ್ದಳಂತೆ. ನಿಶ್ಶಕ್ತಿ ಎಂದು ಗದರಿ ಕಳಿಸಿದ್ದರು.

ಔಷಧಿ ಮಾರುವವರ ಹತ್ತಿರ ಎಲ್ಲ ಔಷಧಿಗಳ ಗುಣದೋಷ ಬರೆದ ದಪ್ಪ ಪುಸ್ತಕವೊಂದು ಇರುತ್ತದೆಂದು ಕಾಲೇಜಿನಲ್ಲಿ ಕೇಳಿದ್ದೆ. ಕಾಕುವನ್ನು ಕರೆದುಕೊಂಡು ಜಮಖಂಡಿಗೆ ಹೋದೆ. ಸರಕಾರಿ ದವಾಖಾನೆಯ ಕಿಟಕಿಯಲ್ಲಿದ್ದವರು, ಪುಸ್ತಕ ಕಪಾಟಿನಲ್ಲಿದೆ, ಕೀಲಿ ಮಾತ್ರ ವರ್ಗವಾಗಿ ಹೋದವರ ಹತ್ತಿರ ಉಳಿದಿದೆ ಎಂದರು. ಒಂದು ನರ್ಸಿಂಗ್ ಹೋಮಿನ ಔಷಧಿ ಅಂಗಡಿಯಲ್ಲಿ ಪುಸ್ತಕವೇ ಇರಲಿಲ್ಲ. ಇದ್ದದ್ದು ಕಂಪನಿಯವರು ಕೊಟ್ಟ ಬಣ್ಣದ ಹಾಳೆಗಳು, ಅವುಗಳ ತುಂಬ ಔಷಧಿಯ ಹೊಗಳಿಕೆ. ಕೊನೆಗೆ ಪೇಟೆಯ ದೊಡ್ಡ ಅಂಗಡಿಗೆ ಹೋದೆವು. ಅಲ್ಲಿ ಪುಸ್ತಕ ಕಣ್ಣೆದುರಿಗೇ ಇತ್ತು, ಗಾಜಿನ ಕಪಾಟಿನೊಳಗೆ.

ಸೂಜಿಯ ಹೆಸರು, ಕಾಕುವಿನ ಕಿವಿಯೊಳಗಿನ ಮಗ್ಗದ ಸಪ್ಪಳ ಎಲ್ಲ ಹೇಳಿ, "ಅದನ್ನ ಒಂಚೂರ ತಗದ ನೋಡ್ರಿ," ಎಂದೆ.

ಗಿರಾಕಿಗಳ ಮುಂದೆ ಪುಸ್ತಕ ತೆರೆದರೆ ತನಗೇ ಗೊತ್ತಿಲ್ಲವೆಂದು ಒಪ್ಪಿಕೊಂಡಂತಲ್ಲವೇ? ಅಂಗಡಿಕಾರನ ಮುಖ ಬಿಗಿಯಿತು. ಎಲ್ಲರಿಗೂ ಕೇಳುವಂತೆ ಕಾಕುವನ್ನು, "ಏನ್ ಕೆಲಸ ಮಾಡ್ತಿ ಬೇ?" ಎಂದು ಕೇಳಿದ.

"ಮಗ್ಗದ ಕೆಲಸ ರೀ."

"ಮತ್ತ! ಮಗ್ಗದಾಕಿ ಕಿವ್ಯಾಗ ಮಗ್ಗ ಬಿಟ್ಟು ಬಾಜಾ ಪೇಟಿ ಬಾರಸ್ತಾರೇನು?"

ನಿಂತವರೆಲ್ಲ ನಕ್ಕರು. ಬಾಯಿಗೆ ಸೆರಗು ಹಿಡಿದು ಕಾಕುವೂ ನಕ್ಕಳು. ನಗುತ್ತಲೇ ಉಳಿದ ಸೂಜಿಗಳನ್ನು ಕೊಂಡಳು.

ಸೂಜಿ ಮುಗಿದವು. ಕೆಮ್ಮು ಹೋಯಿತು, ಕಿವಿಯೂ ಹೋಯಿತು. ಕಾರ್ಖಾನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಯಾರಿಗೂ ಬೇಗ ಗೊತ್ತಾಗಲಿಲ್ಲ. ಹರಿದ ಎಳೆಯ ಮೇಲೇ ಮಗ್ಗ ಓಡಿ ಸೀರೆ ಕೆಟ್ಟಾಗ ಮಾಲೀಕ ಅವಳನ್ನು ಕೆಲಸದಿಂದ ಬಿಡಿಸಿದ. ದಾರಿಯಲ್ಲಿ ಅವಳು ಓಲಾಡುವುದನ್ನು ಕಂಡವರು ಕುಡಿದಿದ್ದಾಳೆ ಎಂದರು. ಗಂಡ ಅವಳ ಬೆನ್ನ ಹಿಂದೆ ನಿಂತು ಕೆಟ್ಟ ಕೆಟ್ಟದಾಗಿ ಬೈಯುತ್ತಿದ್ದ. ಅವಳು ತಿರುಗಿ ನೋಡದಿದ್ದರೆ ಓಣಿಯ ಮಂದಿಗೆ ಅದೊಂದು ಮೋಜು.

ನಮ್ಮಪ್ಪನೇ ಒತ್ತಾಯಿಸಿ ಗಂಡ ಹೆಂಡತಿಯನ್ನು ಮಿರಜಿಗೆ ಕರೆದೊಯ್ದರು. ನಾನೂ ಹೋಗಿದ್ದೆ. ಅಲ್ಲಿಯ ಕಿವಿ ಡಾಕ್ಟರು ಮೇಜಿನ ಮೇಲಿದ್ದ ಪುಸ್ತಕ ತೆರೆದು ಆ ಸೂಜಿಯ ಹೆಸರಿನ ಕೆಳಗೆ ಬೆರಳಿಟ್ಟರು. ಕಿವಿಯಲ್ಲಿ ಸಪ್ಪಳ, ತಲೆಸುತ್ತು, ಕಿವುಡು... ಎಲ್ಲ ಅಚ್ಚಾಗಿತ್ತು. ಸಪ್ಪಳ ಶುರುವಾದಾಗಲೇ ನಿಲ್ಲಿಸಿದ್ದರೆ ಒಂದಿಷ್ಟಾದರೂ ಉಳಿಯುತ್ತಿತ್ತೇನೋ, ಇನ್ನು ಬರುವುದಿಲ್ಲ ಎಂದರು.

ಕಾಕು ನಮ್ಮೆಲ್ಲರ ಮುಖ ನೋಡಿದಳು. "ಏನಂತಾರ? ಬರತೈತಂತ?" ಎಂದು ಜೋರಾಗಿ ಕೇಳಿದಳು. ಗಂಡ ಹೌದೆಂದು ತಲೆಯಾಡಿಸಿದ. ಅವಳ ಮುಖ ಅರಳಿತು. ಡಾಕ್ಟರಿಗೆ ಕೈ ಮುಗಿದಳು. ಮುಂದೆ ವರ್ಷಗಟ್ಟಲೆ ದಿನಾ ಬೆಳಗ್ಗೆ ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಂಡು ಕಾದಳು.

ಕಾಕುವಿನ ಮಗಳನ್ನು ಮುಧೋಳಕ್ಕೆ ಮದುವೆ ಮಾಡಿ ಕೊಟ್ಟರು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರೆಲ್ಲ ಕಾಕುವಿನ ಮನೆಗೆ ಬಂದಿದ್ದರು. ಅವಳು ತೊಟ್ಟಿಲ ಹಗ್ಗ ಹಿಡಿದು ಜೋಗುಳ ಶುರು ಮಾಡಿದಳು. ತನ್ನ ದನಿ ತನಗೇ ಕೇಳದೆ ಅದು ಎಲ್ಲೆಲ್ಲಿಗೋ ಹೋಯಿತು, ಒರಟಾಗಿ, ಕೂಗಿದಂತೆ. ಕೂಸು ಬೆಚ್ಚಿಬಿದ್ದು ಅತ್ತಿತು. ಬೀಗರ ಹೆಂಗಸರು ಕಿಸಕ್ಕನೆ ನಕ್ಕರು. ಮಗಳು ಎದ್ದು ಬಂದು ತಾಯಿಯ ಬಾಯಿ ಮುಚ್ಚಿ ಹಿಡಿದಳು.

"ಸಾಕು, ಸುಮ್ನಿರ ಯವ್ವಾ. ನನ್ನ ಮಾನ ಕಳೀಬ್ಯಾಡ."

ಆ ಮಾತು ಕಾಕುವಿಗೆ ಕೇಳಿಸಲಿಲ್ಲ. ಕೈ ಏಕೆ ಬಂತೆಂಬುದು ತಿಳಿಯಿತು. ಹಗ್ಗ ಬಿಟ್ಟು ಒಳಗೆ ಹೋದಳು. ಆಮೇಲೆ ಅವಳು ಯಾರ ಜೊತೆಗೂ ಬಾಯಿ ಬಿಟ್ಟದ್ದನ್ನು ನಾನು ಕಾಣೆ...

ಕಾಕು ತೀರಿಕೊಂಡು ಈಗ ಹಲವು ವರ್ಷಗಳಾದವು. ದವಾಖಾನೆಯಿಂದ ಬಂದ ಮೇಲೆ ಅವಳ ದನಿಯನ್ನು ನೆನಪಿಸಿಕೊಳ್ಳಲು ಕೂತೆ. ತೊಟ್ಟಿಲ ಮುಂದಿನ ಆ ಒಡಕು ಕೂಗು ಥಟ್ಟನೆ ಬಂತು. ಅದಕ್ಕಿಂತ ಮೊದಲು, ಕಿವಿ ಚೆನ್ನಾಗಿದ್ದಾಗ, ಅವಳ ದನಿ ಹೇಗಿತ್ತು... ಆಡಿದ ಮಾತುಗಳು ನೆನಪಿವೆ, ದನಿ ಮಾತ್ರ... ಎಷ್ಟು ಹುಡುಕಿದರೂ ಅದು ನನಗೆ ಸಿಗಲಿಲ್ಲ.