ಫ್ರೇಮ್ ಅಂಗಡಿಯವರು

ಸಾಗರದ ಪೇಟೆಯಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುವವರೊಬ್ಬರಿದ್ದರು. ಕೆಲಸದಿಂದ ತಲೆ ಎತ್ತುತ್ತಿದ್ದುದೇ ಕಡಿಮೆ. ಯಾರು ಏನು ತಂದರೂ "ಮೊದ್ಲು ಅಳತೆ ನೋಡಾಣ" ಎನ್ನುತ್ತಿದ್ದರು. ನಾನು ಬರೆದ ಮೊದಲ ಚಿತ್ರ, ಹಿನ್ನೀರು ದಾಟಿಸುವ ತುಮರಿಯ ಲಾಂಚು, ಅವರ ಗೋಡೆಯ ಮೇಲೆ ಮಾರಾಟಕ್ಕಿತ್ತು.

ಒಂದು ದಿನ ನಾನಿದ್ದಾಗಲೇ ರಿಪ್ಪನ್‌ಪೇಟೆಯ ಟೀಚರೊಬ್ಬರು ಅದರ ಬೆಲೆ ಕೇಳಿದರು. ನಾನು ಸಂಕೋಚದಿಂದ, "ನೀವೇ ನೋಡಿ ಕೊಡಿ ಮೇಡಂ" ಎಂದೆ.

ಅಂಗಡಿಯವರು ತಲೆ ಎತ್ತಿದರು. "ಹಂಗಂದ್ರೆ ಹೆಂಗೆ? ಎಷ್ಟು ದಿನ ಕೂತು ಬರ್ದಿದೀರಿ ಅಂತ ಅವ್ರಿಗೇನು ಗೊತ್ತು? ನೀವೇ ಹೇಳ್ಬೇಕು."

"ಎರಡು ಸಾವಿರ" ಎಂದೆ. ಟೀಚರು ಚೌಕಾಸಿ ಮಾಡದೆ ಒಪ್ಪಿದರು.

ಕಾಗದದಲ್ಲಿ ಸುತ್ತುವ ಮೊದಲು ಅಂಗಡಿಯವರು ಚಿತ್ರವನ್ನು ಬೆಳಕಿಗೆ ಹಿಡಿದರು. ಆಮೇಲೆ ಮೊಳೆಗಳನ್ನೆಲ್ಲ ಕಿತ್ತು, ಗಾಜು ತೆಗೆದು, ಚಿತ್ರವನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟರು.

"ಹೆಸರು ಹಾಕೋದು ಮರ್ತಿದೀರಿ."

ಮರೆತಿರಲಿಲ್ಲ, ಧೈರ್ಯ ಸಾಲದೆ ಬಿಟ್ಟಿದ್ದೆ. ಅಂದು ಬರೆದೆ.