ಒಂಬತ್ತು ದಿನದ ಗಡುವು

ಹೊಸಪೇಟೆಯಲ್ಲಿ ನಾನು ವಕೀಲರೊಬ್ಬರ ಗುಮಾಸ್ತನಾಗಿದ್ದ ಕಾಲ. ಯಜಮಾನರು ಅನಂತಪುರದ ಕಡೆಯವರು. ಕಾನೂನೆಲ್ಲ ಅವರಿಗೆ ನಾಲಿಗೆಯ ತುದಿಯಲ್ಲಿತ್ತು, ನಮ್ಮ ಸೀಮೆಯ ನಡಾವಳಿ ಮಾತ್ರ ಗೊತ್ತಿರಲಿಲ್ಲ. ಅದನ್ನು ತಿಳಿಸಿಕೊಡಲು ಕಂಪ್ಲಿಯಲ್ಲಿ ಹುಟ್ಟಿದ ನಾನಿದ್ದೇನೆ ಎಂಬ ಜಂಬ ನನಗೆ ಬೇಕಾದಷ್ಟಿತ್ತು.

ಕಂಪ್ಲಿ ಹತ್ತಿರದ ಹಳ್ಳಿಯ ಒಬ್ಬ ಕಬ್ಬಿನ ಸಾಹುಕಾರನ ಮೇಲೆ ಬಲಾತ್ಕಾರದ ಮೊಕದ್ದಮೆ ಬಂತು. ಅವನ ಪರ ವಕಾಲತ್ತು ನಮ್ಮ ಯಜಮಾನರದು. ದೂರು ಕೊಟ್ಟವಳು ಅವನ ಆಲೆಮನೆಯಲ್ಲಿ ಕೂಲಿಗಿದ್ದ ವಿಧವೆ, ಮೂವತ್ತರ ಹೆಂಗಸು. ಶಿಕ್ಷೆಯಾದರೆ ಅವನಿಗೆ ವರ್ಷಗಟ್ಟಲೆ ಜೈಲು. ಆಗದಿದ್ದರೆ ಸುಳ್ಳುಗಾತಿ ಎಂಬ ಹೆಸರು ಹೊತ್ತು ಅವಳು ಅದೇ ಊರಲ್ಲಿ, ಅವನ ಹೊಲದ ಮಗ್ಗುಲಲ್ಲೇ ಬಾಳಬೇಕು.

ಕಾಗದಪತ್ರ ಓದುತ್ತ ಯಜಮಾನರು ಒಂದು ಕಡೆ ಬೆರಳಿಟ್ಟರು. ಮರುದಿನವೇ ಊರ ಹಿರಿಯರ ಮುಂದೆ ಹೇಳಿಕೊಂಡವಳು ಪೊಲೀಸರ ಹತ್ತಿರ ಹೋದದ್ದು ಹನ್ನೊಂದನೆಯ ದಿನ. ನಡುವೆ ಯಾಕೆ ಸುಮ್ಮನಿದ್ದಳು ಎಂದು ನನ್ನನ್ನು ಕೇಳಿದರು.

ನನಗೆ ಗೊತ್ತಿತ್ತು. ಆ ಕಡೆಯ ಊರುಗಳಲ್ಲಿ ಆರೋಪ ಬಂದವನು ಊರಮ್ಮನ ಗುಡಿಯಲ್ಲಿ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡಿದರೆ, ಒಂಬತ್ತು ದಿನ ಅವನ ಸುದ್ದಿಯನ್ನು ಯಾರೂ ಎತ್ತುವಂತಿಲ್ಲ. ಸುಳ್ಳಾಣೆಯಾದರೆ ಅಷ್ಟರೊಳಗೆ ಅಮ್ಮ ಅವನ ಮನೆಗೆ ಏನಾದರೂ ಮಾಡಿ ತೋರಿಸುತ್ತಾಳೆ. ನಡುವೆ ಬಾಯಿ ಬಿಟ್ಟವರ ಮೇಲೆ ಅದೇ ಆಣೆ ತಿರುಗುತ್ತದೆ. ಸಾಹುಕಾರ ಆಣೆ ಮಾಡಿದ್ದ. ಅವಳು ಗಡುವು ಮುಗಿಯುವವರೆಗೆ ಬಾಯಿ ಹೊಲಿದುಕೊಂಡು ಕಾದಿದ್ದಳು, ಅಷ್ಟೇ.

ಇದನ್ನೆಲ್ಲ ಹೇಳಿ, ನನ್ನ ಗುಮಾಸ್ತಬುದ್ಧಿಗೆ ಬೆಂಕಿ ಬೀಳಲಿ, ಉಪಾಯವನ್ನೂ ನಾನೇ ಕೊಟ್ಟೆ. ಆಣೆಯ ಮಾತೇ ಎತ್ತಬೇಡಿ, ಸುಮ್ಮನಿದ್ದೆಯೋ ಇಲ್ಲವೋ ಎಂದಷ್ಟೇ ಕೇಳಿ ಎಂದೆ. ಊರಿಗೆಲ್ಲ ತಿಳಿದದ್ದನ್ನು ಯಾರು ಬಿಡಿಸಿ ಹೇಳುತ್ತಾರೆ? ಪೊಲೀಸರ ಮುಂದೆಯೂ ಅವಳು ಹೇಳಿರಲಿಲ್ಲ. ಯಜಮಾನರು ನನ್ನ ಬೆನ್ನು ತಟ್ಟಿದರು.

ಬಳ್ಳಾರಿಯ ಸೆಷನ್ಸ್ ಕೋರ್ಟಿನಲ್ಲಿ ಜಡ್ಜಿ ಇಂಗ್ಲಿಷ್ ದೊರೆ, ಸರ್ಕಾರಿ ವಕೀಲರು ತಮಿಳು ಸೀಮೆಯವರು. ಹಿರಿಯರಿಗೆ ಹೇಳಿದ ಮೇಲೆ ಒಂಬತ್ತು ದಿನ ಯಾರ ಮುಂದಾದರೂ ಈ ಮಾತು ಆಡಿದೆಯಾ ಎಂದು ಯಜಮಾನರು ಕೇಳಿದರು.

“ಇಲ್ರಿ,” ಎಂದಳು ಅವಳು. “ಹೆಂಗ ಆಡ್ಲಿ?”

ಅಷ್ಟು ಸಾಕೆಂದು ಯಜಮಾನರು ಕೂತರು. ಯಾಕೆಂದು ಸರ್ಕಾರಿ ವಕೀಲರು ಕೇಳಲಿಲ್ಲ. ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಂಪ್ಲಿಯವನೆಂದು ನನ್ನ ಗುರುತು ಹತ್ತಿರಬೇಕು, ಕಣ್ಣು ನನ್ನಲ್ಲೇ ನಿಂತಿತು. ನಾನು ಕಾಗದದ ಕಟ್ಟು ಬಿಚ್ಚಿ ಮತ್ತೆ ಕಟ್ಟತೊಡಗಿದೆ.

ನಿಜ ಹೇಳುವವಳು ಅಷ್ಟು ದಿನ ಸುಮ್ಮನಿರುವುದಿಲ್ಲ ಎಂದು ದೊರೆ ಅವನನ್ನು ಬಿಟ್ಟುಬಿಟ್ಟ.

ಯಜಮಾನರು ಬಳ್ಳಾರಿಯಲ್ಲೇ ಉಳಿದರು. ಹೊಸಪೇಟೆಗೆ ಹೋಗುವ ರೈಲಿನಲ್ಲಿ ಸಾಹುಕಾರ ನನ್ನ ಎದುರು ಕೂತ. ತೋರಣಗಲ್ಲು ದಾಟಿದ ಮೇಲೆ ಎಲೆ ಅಡಿಕೆ ಕೊಟ್ಟು ತಾನಾಗಿಯೇ ಮಾತು ತೆಗೆದ.

“ಆ ಒಂಬತ್ತು ದಿನ ನನಗ ಅನ್ನ ಇಳೀಲಿಲ್ಲ ನೋಡ್ರಿ. ಎತ್ತು ಕೆಮ್ಮಿದ್ರೂ ಎದಿ ಝಲ್ ಅಂತಿತ್ತು. ಏನೂ ಆಗ್ಲಿಲ್ಲ. ಆಮ್ಯಾಲ ಕೋರ್ಟಿನ ಅಂಜಿಕಿ ಇತ್ತು, ಅದನ್ನ ನೀವು ಕಳದ್ರಿ. ಇನ್ನ ನಾನು ಯಾರಿಗೆ ಅಂಜಬೇಕು, ಹೇಳ್ರಿ.”

ಅವನು ನಗುತ್ತಿರಲಿಲ್ಲ. ಉತ್ತರಕ್ಕೆ ಕಾಯುವವನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಯಲ್ಲಿದ್ದ ಎಲೆಯನ್ನು ಕಿಟಕಿಯಾಚೆ ಉಗುಳಿದೆ.

ಹೊಸಪೇಟೆಯಲ್ಲಿ ಕೊನೆಯ ಡಬ್ಬಿಯಿಂದ ಅವಳೂ ಅವಳ ತಾಯಿಯೂ ಇಳಿದು ಕಂಪ್ಲಿ ದಾರಿ ಹಿಡಿದು ನಡೆದರು. ಸ್ಟೇಷನ್ನಿನ ಹೊರಗೆ ಸಾಹುಕಾರನ ಕಮಾನು ಬಂಡಿ ಕಾದಿತ್ತು. ಅವನು ಹತ್ತಿ ಕೂತು, ಅವರ ಕಡೆ ಗದ್ದ ಎತ್ತಿ ತೋರಿಸಿ, ಬಂಡಿ ಹೊಡೆಯುವವನಿಗೆ ಹೇಳಿದ:

“ಅವಸರ ಬ್ಯಾಡಲೇ. ಅವರ ಹಿಂದಹಿಂದನ ಹೊಡಿ.”

ಹೆಂಗಸರಿಬ್ಬರೂ ಒಮ್ಮೆ ತಿರುಗಿ ನೋಡಿ ನಡಿಗೆ ಚುರುಕು ಮಾಡಿದರು. ಅವರ ಊರು ಇನ್ನೂ ಐದಾರು ಹರದಾರಿ ದೂರವಿತ್ತು.