ಸ್ವಿಚ್ ಆಫ್ ಆದ ನಂಬರು

ತೀರಿಹೋದವರ ದನಿಯಲ್ಲಿ ಫೋನ್ ಮಾಡಲು ಒಪ್ಪಿಕೊಂಡ ಮೂರ್ಖ ನಾನೇ. ಮೇಷ್ಟರ ಕೆಮ್ಮು, ಕಂಡಕ್ಟರನ ಕೂಗು, ಕೊನೆಗೆ ನನ್ನದೇ ಗೊರಕೆ, ಯಾವುದನ್ನೂ ಅಣಕಿಸದೆ ಬಿಟ್ಟವನಲ್ಲ.

ಹೊಸನಗರದ ಹತ್ತಿರದ ನಮ್ಮೂರಿನಲ್ಲಿ ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ಬಂಡೆಯ ಮೇಲೆ ಮಾತ್ರ. ಅಲ್ಲಿ ಯಾರು ಏನು ಮಾತಾಡಿದರೂ ಉಳಿದವರು ಕೇಳಿಸದವರಂತೆ ಇರುವುದು ಊರಿನ ಮರ್ಯಾದೆ. ನಮ್ಮ ಟೈಲರಮ್ಮ ದಿನಾ ಸಂಜೆ ಬಂಡೆ ಹತ್ತಿ, ಕೊರಳಿನ ಟೇಪು ಸರಿಮಾಡಿಕೊಂಡು, ತೀರಿಹೋದ ಗಂಡನ ನಂಬರಿಗೆ ಫೋನ್ ಮಾಡುತ್ತಿದ್ದರು. ಸ್ವಿಚ್ ಆಫ್ ಎಂಬ ಉತ್ತರ ನಮಗೂ ಕೇಳಿಸುತ್ತಿತ್ತು. ಅವರು ಮಾತ್ರ ತಲೆಯಾಡಿಸುತ್ತ ಬಹಳ ಹೊತ್ತು ಆಲಿಸಿ, "ಆಯ್ತು, ನೀವ್ ಹೇಳ್ದಂಗೇ ಆಗ್ಲಿ" ಎಂದು ಇಳಿದುಹೋಗುತ್ತಿದ್ದರು.

ಒಂದು ಬೆಳಿಗ್ಗೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಅವರ ಮಗ ಸಿಕ್ಕಿದ. "ಅಮ್ಮಂಗೆ ಈ ಹುಚ್ಚು ಬಿಡಿಸ್ಬೇಕು ಮಾರಾಯ. ಇನ್ನು ಫೋನ್ ಮಾಡ್ಬೇಡ ಅಂತ ಅಪ್ಪನ ದನೀಲಿ ನೀನೇ ಹೇಳು" ಎಂದು ಬೇಡಿಕೊಂಡ. ಅಪ್ಪನ ಹಳೆಯ ಸಿಮ್ಮನ್ನು ಜೇಬಿನಿಂದ ತೆಗೆದು ನನ್ನ ಫೋನಿಗೆ ಹಾಕಿಯೂ ಕೊಟ್ಟ. ಈ ಮಾತು ನಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಅವತ್ತೇ ಸಂಜೆ ಸಾಗರದಿಂದಲೇ ಫೋನ್ ಮಾಡಿದೆ. ಅದೇ ಗೊಗ್ಗರು ದನಿ, ಅದೇ ಎಳೆತ. "ಲೇ, ಇನ್ಮೇಲೆ ನಂಗೆ ಫೋನ್ ಮಾಡ್ಬೇಡ ಕಣೇ."

ಆ ಕಡೆ ಬಂಡೆಯ ಮೇಲಿನ ಗಾಳಿಯ ಸದ್ದು. ಅದರ ನಡುವೆಯೇ ಟೈಲರಮ್ಮ ಸಮಾಧಾನದಿಂದ ನನ್ನ ಹೆಸರು ಹಿಡಿದು ಕರೆದರು.

"ನಾಳೆ ಆ ಹುಡ್ಗ ನನ್ ದನೀಲಿ ಫೋನ್ ಮಾಡ್ತಾನೆ, ಅವನ್ ಮಾತು ಕೇಳ್ಬೇಡ ಅಂತ ಇವ್ರು ನಿನ್ನೆ ಸಂಜೆನೇ ಹೇಳಿದ್ರಪ್ಪ."